ಒಂಬತ್ತನೇ ಮಂಚ

ಮಿರಜಿನ ಸರಕಾರಿ ದವಾಖಾನೆ, ಗಂಡಸರ ವಾರ್ಡು.
ಬೆಳಿಗ್ಗೆ ಒಂಬತ್ತಕ್ಕೆ ನಾವು ಎಂಟು ಜನ,
ಮಡಿಕೆ ಸಹ ಬಿಚ್ಚದ ಗಂಜಿಯ ಬಿಳಿ ಕೋಟು,
ಕೊರಳಲ್ಲಿ ಸ್ಟೆತಾಸ್ಕೋಪು
ಮದುವೆಯಾದ ಮೂರನೇ ದಿನದ ತಾಳಿಯ ಹಾಗೆ
ಎಲ್ಲರಿಗೂ ಕಾಣಲೆಂದೇ ಹೊರಗೆ.

ಡಾಕ್ಟರ್ ಸಹಸ್ರಬುದ್ಧೆ ಬಂದರು, ಪುಣೆಯವರು.
ಹೆಸರಿನಲ್ಲೇ ಸಾವಿರ ಬುದ್ಧಿ ಇಟ್ಟುಕೊಂಡವರ ಮುಂದೆ
ನಮಗಿದ್ದ ಒಂದೊಂದೂ
ಮೆಟ್ಟಿಲಿಳಿದು ಹೋಗುತ್ತಿತ್ತು.

“ಎಡಗೈ ನಡುಬೆರಳು ಎದೆಯ ಮೇಲೆ,
ಬಲಗೈ ನಡುಬೆರಳು ಅದರ ಮೇಲೆ.
ಬಡಿಯಿರಿ. ಕೇಳಿ. ನೀರು ಎಲ್ಲಿದೆ ಹೇಳಿ.”
ಗವಂಡೆ ಬಡಿದ, ಬಾಗಿಲು ತೆಗೆಯಲಿ ಎಂಬಂತೆ.
ಪ್ರಾಚಿ ಬಡಿದಳು, ತೆಗೆಯದಿದ್ದರೆ ಸಾಕು ಎಂಬಂತೆ.
ನಾನೂ ಬಡಿದೆ. ಕೇಳಿಸಿದ್ದು ನನ್ನದೇ ಎದೆ.
“ರೆಸೊನಂಟ್ ಸರ್” ಅಂದೆವು ಎಂಟೂ ಜನ,
ಹಾಜರಿ ಕೂಗಿದ ಹಾಗೆ.

ಮಂಚದ ಮೇಲೆ ಗೈಬುಸಾಬರು, ವಯಸ್ಸು ಎಪ್ಪತ್ತೊಂದು,
ಒಣತುಂಬಿ ಕೊರೆದು ತಂಬೂರಿ ಮಾಡಿದ ಕೈ.
ಬಲಗಡೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು,
ತಾಳ್ಮೆ ಎಂಟನೆಯ ಬೆರಳಿಗೆ ಪೂರ್ತಿ ಮುಗಿದಿತ್ತು.
“ಯಾವೂರವ್ವಾ ನೀ?”
ಜತ್ತ ತಾಲೂಕು, ಉಮದಿ ಅಂದೆ.
“ಹಂಗಾದರ ಕನ್ನಡದಾಗ ಹೇಳ್ತೀನಿ ಕೇಳು.
ಬಡದ ಬೆರಳು ಅಲ್ಲೇ ಕುಂಡರಬಾರದು. ಎತ್ತಬೇಕು.
ಕುಂತರ ನಾದ ಸಾಯ್ತದ.”

ತಮ್ಮ ಎದೆಯನ್ನು ತಾವೇ ಬಡಿಯುತ್ತ ಇಳಿದರು,
ಒಂದೊಂದೇ ಪಕ್ಕೆಲುಬು, ಸಿತಾರಿಗೆ ಮೆಟ್ಟು ಕಟ್ಟುವವರಂತೆ.
“ಇಲ್ಲೀತನಕ ಒಣಾ ತುಂಬಿ. ಕೇಳಿದ್ಯಾ?
ಇಲ್ಲಿಂದ ಹಸಿ ಐತಿ.
ಪಂಢರಪುರದ ಸಂತ್ಯಾಗ ಇಂಥಾ ಕಾಯಿ ನಾ ಮುಟ್ಟಂಗಿಲ್ಲ.”
ನನ್ನ ಜೇಬಿನ ಪೆನ್ನು ಕಿತ್ತುಕೊಂಡು
ಪಕ್ಕೆಯ ಮೇಲೆ ಗೆರೆ ಎಳೆದರು,
ಗರಗಸ ಇಡುವ ಮುಂಚಿನ ಗೆರೆ.
ಆಮೇಲೆ ಇನ್ನೊಂದು ಮಾತೂ ಅಂದರು.

“ಏನನ್ನುತ್ತಾರೆ?” ಸಹಸ್ರಬುದ್ಧೆ ಕೇಳಿದರು ಮರಾಠಿಯಲ್ಲಿ.
ಹೇಳಿದೆ. ತುಂಬಿ, ಹಸಿ, ಗೆರೆ, ಪಂಢರಪುರ.
ಬಿಟ್ಟದ್ದು ಕೊನೆಯದೊಂದೇ:
“ನಿಮ್ಮ ದೊಡ್ಡ ಡಾಕ್ಟರಗ ಕಿವಿ ಐತಿ, ಖರೆ.
ಆದರ ಉಗುರು ಬೆಳಸ್ಯಾನ. ತಾರು ಹರಿತಾನ.”
“ಇಷ್ಟೇನಾ?”
“ಇಷ್ಟೇ ಸರ್.”
ಇಷ್ಟೇ ಅಲ್ಲವೆಂದು ಗೈಬುಸಾಬರು
ನಾನು ನುಂಗಿದ್ದನ್ನು
ಪುಣೆಯವರೇ ತಲೆದೂಗುವಂಥ ಮರಾಠಿಯಲ್ಲಿ ಒಪ್ಪಿಸಿದರು.

ವಾರ್ಡಿನಲ್ಲಿ ಫ್ಯಾನು ಒಂದೇ ಮಾತಾಡುತ್ತಿತ್ತು.
ಡಾಕ್ಟರು ಉಗುರು ನೋಡಿಕೊಂಡರು,
ಎರಡೂ ಕೈ ಜೇಬಿಗೆ ಹಾಕಿ
“ಎಕ್ಸರೇ ಮಾಡಿಸಿ” ಅಂದರು.

ಮಧ್ಯಾಹ್ನ ಫೋಟೊ ಬಂತು.
ಗೆರೆಗಿಂತ ಒಂದು ಬೆರಳು ಕೆಳಗೆ ನೀರು.
“ತಪ್ಪಿತಲ್ಲ ಆಜೋಬಾ!” ಗವಂಡೆ ಗೆದ್ದವನಂತೆ.
“ನಡುವ ಎರಡು ಸಲ ಉಚ್ಚಿ ಹೊಯ್ದು ಬಂದೀನಲ್ಲೋ.”

ಆಮೇಲೆ ನಾವು ಕಂಡದ್ದೆಲ್ಲ ಬಡಿದೆವು:
ಮೆಸ್ಸಿನ ಅಕ್ಕಿ ಡಬ್ಬಿ, ಗ್ಯಾಸ್ ಸಿಲಿಂಡರು,
ಲಕ್ಷ್ಮೀ ಮಾರ್ಕೆಟ್ಟಿನ ಕಲ್ಲಂಗಡಿ,
ಮಧ್ಯರಾತ್ರಿ ರೆಕ್ಟರ್ ಮೇಡಂ ಬಾಗಿಲು.
ಕೊನೆಯದಕ್ಕೆ ದಂಡ ಐವತ್ತು ರೂಪಾಯಿ.

ಅಂತಿಮ ಪರೀಕ್ಷೆಗೆ ನಾಗಪುರದಿಂದ ಬಂದವರು
ಯಾರದೋ ಎದೆ ತೋರಿಸಿ, ಹೇಳು ಅಂದರು.
ಬಡಿದೆ. ಬೆರಳು ಎತ್ತಿದೆ. ಕೇಳಿದೆ.
ಪುಸ್ತಕದ ಇಂಗ್ಲಿಷು ಒಂದಕ್ಷರ ಬಾಯಿಗೆ ಬರಲಿಲ್ಲ.
“ಹಸಿ ಐತಿ ಸರ್” ಅಂದುಬಿಟ್ಟೆ.

ಇದು ಯಾವ ರೋಗವೋ ಎಂದು ಅವರು ಪಕ್ಕಕ್ಕೆ ತಿರುಗಿದರು.
ಪಕ್ಕದ ಕುರ್ಚಿಯಲ್ಲಿ ಸಹಸ್ರಬುದ್ಧೆ
ಬುಡದ ತನಕ ಕತ್ತರಿಸಿದ ಉಗುರಿನ ಬೆರಳಿನಿಂದ
ಮೇಜನ್ನು ಒಮ್ಮೆ ಬಡಿದು,
ಎತ್ತಿ,
“ಬರೋಬರ್” ಅಂದರು.